ಗುಲ್‌ರಂಗಳ ಬಲಗೈ

ಗುಲ್‌ರಂಗ್ ಒಂದು ಕಡೆ ನೆಟ್ಟಗೆ ಕುಳಿತದ್ದನ್ನು ನಾನು ಕಂಡದ್ದು ಅವಳು ಕುಂಚ ಹಿಡಿದಾಗ ಮಾತ್ರ. ಮಿಕ್ಕ ಹೊತ್ತಿನಲ್ಲಿ ಅವಳ ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಾಳಿಗೆ ಹತ್ತಿ ಇಳಿಯುವಳು, ಅಂಗಳದ ಕೊಳದ ಸುತ್ತ ಸುಮ್ಮನೆ ತಿರುಗುವಳು, ಬೀದಿಬಾಗಿಲಿಗೆ ಬಂದು ಯಾರೂ ಇಲ್ಲದ ಓಣಿಯನ್ನು ನೋಡಿ ಮತ್ತೆ ಒಳಗೆ ಹೋಗುವಳು. ಮದುವೆಯಾಗಿ ನಮ್ಮ ಓಣಿಗೆ ಬಂದ ಹೊಸದರಲ್ಲೇ ಹೆಂಗಸರೆಲ್ಲ ಸೇರಿ ಅವಳಿಗೆ ‘ಮಗ್ಗದ ಲಾಳಿ’ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿತ್ತು. ನಕ್ಕಳು, ನಗುತ್ತಲೇ ಎದ್ದು ಹೋದಳು.

ಶೀರಾಜಿನ ಹಳೇ ಜುಮ್ಮಾ ಮಸೀದಿಯ ಹಿಂದಿನ ಓಣಿ ನಮ್ಮದು. ಇಲ್ಲಿ ಪುಸ್ತಕ ಮಾಡದ ಮನೆಯಿಲ್ಲ. ಗಂಡ ಬರೆದರೆ ಹೆಂಡತಿ ಚಿನ್ನ ಹಚ್ಚುತ್ತಾಳೆ, ಮಗ ಚಿತ್ರ ಬಿಡಿಸಿದರೆ ಸೊಸೆ ಅಂಚಿಗೆ ಗೆರೆ ಎಳೆಯುತ್ತಾಳೆ. ತಬ್ರೀಜಿನಲ್ಲಿ, ಕಜ್ವೀನಿನಲ್ಲಿ ದೊರೆಯ ಚಿತ್ರಶಾಲೆಯವರು ಒಂದೇ ಪುಸ್ತಕವನ್ನು ವರ್ಷಗಟ್ಟಲೆ ಮಾಡುತ್ತಾರಂತೆ. ನಮ್ಮದನ್ನು ಅವರು ಸಂತೆಯ ಮಾಲು ಎನ್ನುತ್ತಾರೆ. ಅನ್ನಲಿ. ಅವರ ಪುಸ್ತಕ ಅರಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ, ನಮ್ಮದು ವ್ಯಾಪಾರಿಗಳ ಕಾರವಾನಿನಲ್ಲಿ ಒಂಟೆ ಹತ್ತಿ ಇಸ್ತಾಂಬೂಲನ್ನೂ ಹಡಗು ಹತ್ತಿ ವಿಜಾಪುರವನ್ನೂ ಕಾಣುತ್ತದೆ. ನಾನು ಹುಟ್ಟಿದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಮನೆಯಲ್ಲಿ, ಸೊಸೆಯಾಗಿ ಸೇರಿದ್ದೂ ಅಂಥದೇ ಮನೆಗೆ. ಅಂಟು ಮತ್ತು ತೊಗಲಿನ ವಾಸನೆ ನನಗೆ ವಾಸನೆ ಎಂದೇ ಅನ್ನಿಸುವುದಿಲ್ಲ.

ಗುಲ್‌ರಂಗಳ ಕೆಲಸ ಪುಸ್ತಕದ ಮೊದಲ ಪುಟಗಳದು. ಅಪರಂಜಿಯ ರೇಕನ್ನು ಅಂಟಿನಲ್ಲಿ ಬೆರಳಿನಿಂದಲೇ ಅರೆದು ಹಚ್ಚಬೇಕು, ಒಣಗಿದ ಮೇಲೆ ಅಕೀಕಿನ ಕಲ್ಲಿನಿಂದ ಉಜ್ಜಿ ಹೊಳಪು ತರಬೇಕು, ಸುತ್ತ ಲಾಜವರ್ದದ ಕಲ್ಲು ಅರೆದ ನೀಲಿ ತುಂಬಬೇಕು, ಆ ನೀಲಿಯೊಳಗೆ ಎಳ್ಳಿನಷ್ಟು ಹೂಗಳನ್ನು ಕೂರಿಸಬೇಕು. ಇಷ್ಟನ್ನು ಕಲಿತವರು ಓಣಿಯಲ್ಲಿ ಹಲವರಿದ್ದಾರೆ. ಕೊನೆಯದೊಂದು ಉಳಿಯುತ್ತದೆ. ಮಂಟಪದಂಥ ಆ ಚಿನ್ನದ ಚಿತ್ತಾರದ ಅಂಚಿನಿಂದ ಬರಿಯ ಕಾಗದದ ಕಡೆಗೆ ಕೂದಲೆಳೆಯಂಥ ನೀಲಿ ಕಿರಣಗಳನ್ನು ಸಾಲಾಗಿ ಎಳೆಯಬೇಕು. ಬುಡದಲ್ಲಿ ತುಸು ದಪ್ಪ, ತುದಿಯಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣ. ಉಸಿರು ಜೋರಾದರೂ ಗೆರೆ ಕೆಟ್ಟಿತು. ಗುಲ್‌ರಂಗಳ ಕಿರಣಗಳನ್ನು ನೋಡಿದವರು ಪುಟವನ್ನು ಕಣ್ಣಿನ ಹತ್ತಿರ ತಂದು ಮತ್ತೊಮ್ಮೆ ನೋಡುತ್ತಿದ್ದರು.

ಅದನ್ನು ಕಲಿಸಿದವನು ಅವಳ ತಂದೆ ಮುಹಿಬ್ ಅಲಿ. ಕಾಜೆರೂನ್ ಬಾಗಿಲ ಬಳಿ ಅವನದೂ ಇಂಥದೇ ಮನೆ. ಮಗಳನ್ನು ಕಳಿಸಿಕೊಟ್ಟ ದಿನ ಆತ ಗಳಗಳ ಅತ್ತದ್ದು ಮಗಳಿಗೋ ಅವಳ ಕೈಗೋ ಎಂದು ನಮ್ಮವರು ನಗಾಡಿದ್ದುಂಟು. ಗಂಡ ಸದ್ರುದ್ದೀನ್ ಲಿಪಿಕಾರ, ಮೆತ್ತನೆ ಮನುಷ್ಯ. ಹೆಂಡತಿಯ ಕಾಲಿನ ಚಡಪಡಿಕೆ ಅವನಿಗೆ ಅರ್ಥವಾಗಿತ್ತು. ಶುಕ್ರವಾರ ಮಧ್ಯಾಹ್ನ ಅವಳನ್ನು ಕರೆದುಕೊಂಡು ರುಕ್ನಾಬಾದಿನ ಕಾಲುವೆಯ ಉದ್ದಕ್ಕೂ ನಡೆಯುವನು. ತಾನು ದಣಿದಾಗ ಮರದ ಕೆಳಗೆ ಕುಳಿತು, ನೀನು ಇನ್ನಷ್ಟು ದೂರ ಹೋಗಿ ಬಾ ಎನ್ನುವನು. ಮಕ್ಕಳಾಗಲಿಲ್ಲ. ಒಂದು ಬೇಸಿಗೆಯ ಕೊನೆಗೆ ಜ್ವರ ಬಂದು ಅವನು ತೀರಿಕೊಂಡ. ಅವನು ಬರೆಯುತ್ತಿದ್ದ ಪುಟ ಸಾಲಿನ ನಡುವೆ ನಿಂತಿತು.

ವಿಧವೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ತಿಂಗಳುಗಳನ್ನು ಗುಲ್‌ರಂಗ್ ಹೊರಗೆ ಕಾಲಿಡದೆ ಕಳೆದಳು. ಅವಧಿ ಮುಗಿದದ್ದೇ ತಡ, ಮುಹಿಬ್ ಅಲಿ ಬಂದು ಮಗಳ ಅತ್ತೆ ಶಾಹ್‌ಬೀಬಿಯ ಎದುರಿಗೆ ಕುಳಿತ. ಮಗಳನ್ನು ಕರೆದೊಯ್ಯುತ್ತೇನೆ ಎಂದ. ಮನೆಯಲ್ಲಿ ಕೆಲಸ ರಾಶಿ ಬಿದ್ದಿದೆ ಎಂದೂ ಅದೇ ಉಸಿರಿನಲ್ಲಿ ಹೇಳಿದ.

“ನಿಮ್ಮನೇಲಿ ರಾಶಿ ಬಿದ್ದಿದ್ರೆ ನಾವಿಲ್ಲಿ ನೊಣ ಹೊಡೀತಾ ಕೂತಿದೀವಾ?” ಎಂದಳು ಶಾಹ್‌ಬೀಬಿ. “ಅರ್ಧಕ್ಕೆ ನಿಂತಿರೋ ಪುಟಗಳನ್ನ ನೋಡೋಕೇ ಸಂಕಟ ಆಗತ್ತೆ. ಕಿವಾಮ್ ಇದಾನೆ. ಅವನಿಗೇ ನಿಕಾಹ್ ಮಾಡಿದ್ರೆ ಮನೆ ಸೊಸೆ ಮನೇಲೇ ಇರ್ತಾಳೆ.”

ಕಿವಾಮ್ ಸದ್ರುದ್ದೀನನ ತಮ್ಮ. ಅತ್ತಿಗೆಗಿಂತ ಎಷ್ಟೋ ಚಿಕ್ಕವನು. ಚಿತ್ರಗಳಲ್ಲಿ ಮುಖ ಬರೆಯುವ ಕೆಲಸ ಅವನದು. ಅವನು ಬರೆದ ಮುಖಗಳೆಲ್ಲ, ಯುದ್ಧದಲ್ಲಿರಲಿ ಔತಣದಲ್ಲಿರಲಿ, ಏನನ್ನೋ ಮರೆತು ಬಂದವರಂತೆ ಕಾಣುತ್ತಿದ್ದವು. ಆ ಹೊತ್ತಿಗೆ ಅವನ ಮುಖವೂ ಹಾಗೇ ಇತ್ತಂತೆ. ಚಾಪೆಯ ನೇಯ್ಗೆ ನೋಡುತ್ತ ಮೂಲೆಯಲ್ಲಿ ಕುಳಿತಿದ್ದ. ಗುಲ್‌ರಂಗ್ ಶರಬತ್ತಿನ ಬಟ್ಟಲುಗಳನ್ನು ತಂದಳು. ತಂದೆಯ ಮುಂದೆ ಬಟ್ಟಲು ಹಿಡಿದಾಗ ಅವಳ ಬಲಗೈ ನಡುಗಿತು. ಶರಬತ್ತು ತುಳುಕಿ ಮುಹಿಬ್ ಅಲಿಯ ಮಂಡಿಯ ಮೇಲೆ ಚೆಲ್ಲಿತು. ಬಟ್ಟಲು ಕೆಳಗಿಟ್ಟ ಮೇಲೂ ಕೈ ನಡುಗುತ್ತಲೇ ಇತ್ತು.

ಆಗ ಎಲ್ಲರೂ ನನ್ನ ಕೈ ನೋಡಿದರು, ಮುಖವನ್ನು ಯಾರೂ ನೋಡಲಿಲ್ಲ ಎಂದು ಅವಳು ಎಷ್ಟೋ ವರ್ಷಗಳ ಮೇಲೆ ನನಗೆ ಹೇಳಿದಳು. ತಂದೆ ಅವಳ ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ಯಾವಾಗಿನಿಂದ ಎಂದು ಕೇಳಿದ. ಗೊತ್ತಿಲ್ಲ ಎಂದಳು. ಅದು ನಿಜವೇ. ಆಮೇಲೆ ಕರೆದೊಯ್ಯುವ ಮಾತು ಬರಲಿಲ್ಲ. “ವಾಸಿಯಾದ್ಮೇಲೆ ಹೇಳಿ ಕಳ್ಸಿ,” ಎಂದು ಮುಹಿಬ್ ಅಲಿ ಎದ್ದು ಹೋದ. ಆ ಮಾತನ್ನು ಗುಲ್‌ರಂಗ್ ತಂದೆಯ ದನಿಯಲ್ಲೇ ಆಡಿ ತೋರಿಸುತ್ತಿದ್ದಳು. ಅಗಸನ ಮನೆಗೆ ಬಟ್ಟೆ ಹಾಕಿ ಹೋಗುವವನ ದನಿ ಅದು.

ನಡುಕ ಕೆಲವು ದಿನ ಇತ್ತು. ಒಂದು ಬೆಳಿಗ್ಗೆ ಕಾಳಿನ ಕೋಣೆಯಲ್ಲಿ ಹರಿದ ಚೀಲ ಹೊಲಿಯಲು ಸೂಜಿ ತೆಗೆದುಕೊಂಡಳು. ಮೊದಲ ಸಲಕ್ಕೇ ದಾರ ಸೂಜಿಯ ಕಣ್ಣಿನೊಳಗೆ ಹೋಯಿತು. ಅವಳು ಆ ಸೂಜಿಯನ್ನು ಹಿಡಿದು ಬಹಳ ಹೊತ್ತು ನಿಂತಿದ್ದಳಂತೆ. ಹೊರಗೆ ಹೋಗಿ ಹೇಳಿದರೆ ಸಂಜೆಯೊಳಗೆ ಒಂದು ಬಾಗಿಲಿಗೆ ತಂದೆ, ಇನ್ನೊಂದು ಬಾಗಿಲಿಗೆ ನಿಕಾಹ್ ಮಾಡಿಸುವ ಮೌಲ್ವಿ ಬಂದು ನಿಲ್ಲುತ್ತಾರೆ. ಹೇಳದಿದ್ದರೆ ಇನ್ನೊಂದು ದಿನ ಸಿಗುತ್ತದೆ. ಊಟದ ಹೊತ್ತಿಗೆ ರೊಟ್ಟಿಗೆ ಕೈ ಚಾಚಿದಾಗ ಬೆರಳುಗಳನ್ನು ತಾನೇ ನಡುಗಿಸಿದಳು. ಆ ಒಂದು ದಿನ ಬೆಳೆದು ಎರಡು ವರ್ಷವಾಯಿತು.

ಶಾಹ್‌ಬೀಬಿ ಹೇಗೆ ನಡೆದುಕೊಂಡಾಳು ಎಂಬ ಲೆಕ್ಕ ಮಾತ್ರ ಅವಳಿಗೆ ತಪ್ಪಿತು. ಕೆಲಸಕ್ಕೆ ಬಾರದ ಸೊಸೆಯನ್ನು ತವರಿಗೆ ಅಟ್ಟುತ್ತಾಳೆ, ಇಲ್ಲವೇ ಮೂಲೆಗೆ ಹಾಕುತ್ತಾಳೆ ಎಂದುಕೊಂಡಿದ್ದಳು. ಒರಟು ಬಾಯಿಯ ಆ ಮುದುಕಿ ನಿಕಾಹದ ಮಾತು ಬಿಟ್ಟಳು, ಸೊಸೆಯನ್ನು ಬಿಡಲಿಲ್ಲ. ದಪ್ಪ ಬಾಲದ ಕುರಿಯ ಕೊಬ್ಬು ಕಾಯಿಸಿ ಮೊಣಕೈಯಿಂದ ಬೆರಳ ತುದಿಯವರೆಗೆ ತಿಕ್ಕಿದಳು. ದರ್ಗಾಕ್ಕೆ ಕರೆದೊಯ್ದು ಜಾಲರಿಗೆ ದಾರ ಕಟ್ಟಿಸಿದಳು. ತಲೆ ಬಾಚಿ ಜಡೆ ಹಾಕಿದಳು, ರವಿಕೆಯ ಗುಂಡಿ ಹಾಕಿದಳು. ಎಡಗೈಯಲ್ಲಿ ಉಣ್ಣುವಂತಿಲ್ಲ, ಬಲಗೈ ಬಾಯಿಗೆ ಹತ್ತುವುದಿಲ್ಲ. ಹಾಗಾಗಿ ಎರಡು ಹೊತ್ತೂ ಎದುರಿಗೆ ಕುಳಿತು, ರೊಟ್ಟಿಯಲ್ಲಿ ಮೊಸರು, ಸೊಪ್ಪು ಸುತ್ತಿ, ಬಾಯಿ ತೆಗಿ ಎಂದು ತುತ್ತು ಇಡುತ್ತಿದ್ದಳು. ತಾನು ಉಣ್ಣುತ್ತಿದ್ದದ್ದು ಅದಾದ ಮೇಲೆಯೇ.

ಒಮ್ಮೆ ಹಮಾಮಿನಲ್ಲಿ ನಮ್ಮ ಓಣಿಯವಳೇ ಒಬ್ಬಳು, ಚಿನ್ನ ಹಚ್ಚುತ್ತಿದ್ದವಳಿಗೆ ಈಗ ಅಕ್ಕಿ ಆರಿಸಲೂ ಬಾರದಲ್ಲ ಎಂದು ಎಲ್ಲರಿಗೂ ಕೇಳುವಂತೆ ಮರುಗಿದಳು. ಸೊಸೆಯ ಬೆನ್ನು ಉಜ್ಜುತ್ತಿದ್ದ ಶಾಹ್‌ಬೀಬಿ ತಿರುಗಿಯೂ ನೋಡಲಿಲ್ಲ. “ಅಲ್ಲಾ ನಡುಕ ಕೊಡೋದಿದ್ರೆ ನಿನ್ನ ನಾಲಿಗೆಗೆ ಕೊಡ್ಬಹುದಿತ್ತು. ವಿಳಾಸ ತಪ್ಪಿ ನಮ್ಮನೆಗೆ ಬಂತು,” ಎಂದಳು. ಹೆಂಗಸರೆಲ್ಲ ನಕ್ಕರು. ಗುಲ್‌ರಂಗ್ ನೆಲ ನೋಡುತ್ತ ಕುಳಿತಿದ್ದಳು. ನಾನೂ ಅಲ್ಲಿದ್ದೆ. ನಾಚಿಕೆಗೆ ಇರಬೇಕು ಅಂದುಕೊಂಡೆ.

ಆ ಎರಡು ವರ್ಷ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ. ಕಾಲಿನ ಚಡಪಡಿಕೆ ಸಾಲದು ಎಂದು ಕೈಯದೂ ಸೇರಿಕೊಂಡಿತು. ಹೊದಿಕೆಯ ಕೆಳಗೆ ತೊಡೆಯ ಮೇಲೆ ಬೆರಳಿನಿಂದ ಬಳ್ಳಿ ಎಳೆಯುವಳು. ಹಮಾಮಿನ ಆವಿ ಕಟ್ಟಿದ ಗೋಡೆಯ ಮೇಲೆ ಉಗುರಿನಿಂದ ಒಂದು ಹೂ ಬರೆದು, ಯಾರಾದರೂ ಬಂದರೆ ಅಂಗೈಯಿಂದ ಒರೆಸುವಳು. ಮಾಳಿಗೆಯ ಮೇಲೆ ಅತ್ತಿತ್ತ ನಡೆದು ನಡೆದು ಮಣ್ಣು ಸವೆದು, ಮಳೆಗಾಲದಲ್ಲಿ ಅಲ್ಲೇ ಸೋರಿತು. ತಂದೆಯ ಮನೆಯಿಂದ ಮೊದಲು ಹಬ್ಬಹಬ್ಬಕ್ಕೆ ಜನ ಬಂದು ವಾಸಿಯಾಯಿತೇ ಎಂದು ಕೇಳುತ್ತಿದ್ದರು. ಆಮೇಲೆ ಅದೂ ನಿಂತಿತು. ಮುಹಿಬ್ ಅಲಿ ಸೋದರನ ಮಗಳೊಬ್ಬಳಿಗೆ ಕೆಲಸ ಕಲಿಸುತ್ತಿದ್ದಾನೆ ಎಂಬ ಸುದ್ದಿ ಬಂತು.

ಇತ್ತ ಶಾಹ್‌ಬೀಬಿಯ ಮನೆಯಲ್ಲಿ ಚಿನ್ನದ ಕೆಲಸ ಕಿವಾಮನ ತಲೆಗೆ ಬಿದ್ದಿತ್ತು. ಲಾರ್ ಊರಿನ ವ್ಯಾಪಾರಿ ಖಾಜಾ ಲುತ್ಫುಲ್ಲಾ ವಿಜಾಪುರದ ಒಬ್ಬ ಅಮೀರನಿಗೆಂದು ಒಂದು ಕಾವ್ಯದ ಪ್ರತಿ ಮಾಡಿಕೊಡಲು ಹೇಳಿದ್ದ. ಬೇಸಿಗೆ ಮುಗಿದು ಕಾರವಾನ್ ಹುರ್ಮುಜ್ ಬಂದರಿನ ಕಡೆ ಹೊರಡುವುದರೊಳಗೆ ಕೊಡಬೇಕು. ಬರೆದು ಮುಗಿದಿತ್ತು, ಚಿತ್ರಗಳೂ ಮುಗಿದಿದ್ದವು. ಎದುರುಬದುರಿನ ಎರಡು ಮೊದಲ ಪುಟಗಳು ಉಳಿದಿದ್ದವು. ಕಿವಾಮ್ ಚಿನ್ನ ಚೆನ್ನಾಗಿಯೇ ಹಚ್ಚಿದ್ದ, ನೀಲಿಯೂ ಪರವಾಗಿಲ್ಲ. ಕಿರಣಗಳಿಗೆ ಬಂದಾಗ ಕೈ ಸೋತಿತು. ಒಂದು ಇತ್ತ ವಾಲಿದರೆ ಇನ್ನೊಂದು ಅತ್ತ ಬಾಗಿತು.

ಶೀರಾಜಿನ ಬೇಸಿಗೆಯ ಮಧ್ಯಾಹ್ನ ನೆಲದ ಮೇಲೆ ಯಾರೂ ಇರುವುದಿಲ್ಲ. ಎಲ್ಲರೂ ನೆಲಮಾಳಿಗೆಗೆ ಇಳಿದು ಮಲಗುತ್ತಾರೆ. ಗುಲ್‌ರಂಗ್ ಮಾತ್ರ ಮೇಲೆ ಅಲೆಯುತ್ತಿದ್ದಳು. ಅಂಥದೊಂದು ಮಧ್ಯಾಹ್ನ ಕೆಲಸದ ಕೋಣೆಗೆ ಹೋದಳು. ಪುಟದ ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿದಳು. ನೋಡಬಾರದಿತ್ತು ಎಂದು ಆಮೇಲೆ ನನಗೆ ಹೇಳಿದ್ದುಂಟು. ಊಟದಲ್ಲಿ ಕಲ್ಲು ಸಿಕ್ಕರೆ ನುಂಗಲಾಗುತ್ತದೆಯೇ? ಅವಳು ಕುಳಿತಳು. ಒಂದು ಕಾಲು ಮಡಿಸಿ, ಇನ್ನೊಂದು ಮೊಣಕಾಲು ಎತ್ತಿ, ಅದರ ಮೇಲೆ ಹಲಗೆ ಇಟ್ಟುಕೊಂಡಳು. ವಾಲಿದ ಗೆರೆಯನ್ನು ಚೂರಿಯ ತುದಿಯಿಂದ ಮೆಲ್ಲಗೆ ಕೆರೆದು, ಆ ಜಾಗವನ್ನು ಅಕೀಕಿನಿಂದ ಉಜ್ಜಿದಳು. ಕುಂಚಕ್ಕೆ ನೀಲಿ ತಾಗಿಸಿ, ಉಸಿರು ಹಿಡಿದು, ಎಳೆದಳು. ಗೆರೆ ನೆಟ್ಟಗೆ ಬಂತು. ಎರಡನೆಯದೂ ಬಂತು. ಆಮೇಲೆ ಅವಳಿಗೆ ಮನೆ, ಮಧ್ಯಾಹ್ನ, ಸುಳ್ಳು ಯಾವುದೂ ನೆನಪಿರಲಿಲ್ಲ.

“ಅತ್ತಿಗೆ.”

ನೀರು ಕುಡಿಯಲು ಮೇಲೆ ಬಂದಿದ್ದ ಕಿವಾಮ್ ಬಾಗಿಲಲ್ಲಿ ನಿಂತಿದ್ದ. ಗೆರೆ ಅರ್ಧದಲ್ಲಿತ್ತು. ಅದನ್ನು ತುದಿ ಮುಟ್ಟಿಸಿಯೇ ಅವಳು ತಲೆ ಎತ್ತಿದ್ದು.

“ಎಷ್ಟು ದಿನದಿಂದ ಹೀಗೆ?” ಎಂದ.

“ನಡುಗಿದ್ದು ಸುಳ್ಳಲ್ಲ ಕಿವಾಮ್. ನಿಂತಿದ್ದನ್ನ ಹೇಳ್ಲಿಲ್ಲ, ಅಷ್ಟೆ.”

ಅವನು ಹೊಸಿಲ ಮೇಲೆ ಕುಕ್ಕರಿಸಿದ. ತನ್ನಿಂದಲೇ ಹೀಗೆ ಮಾಡಿದಿರಾ ಎಂದು ಕೇಳಿದ.

“ನಿನ್ನಿಂದ ಅಲ್ಲ. ಆವತ್ತು ನಿನ್ನನ್ನ ಯಾರಾದ್ರೂ ಕೇಳಿದ್ರಾ? ನನ್ನನ್ನ ಕೇಳಿದ್ರಾ?”

ಕಿವಾಮ್ ನಗತೊಡಗಿದ. ಆ ದಿನಗಳಲ್ಲಿ ತನಗೂ ನಿದ್ದೆ ಇರಲಿಲ್ಲ ಎಂದ. ಹೊಸ ಅತ್ತಿಗೆಯಾಗಿ ಬಂದಾಗಿನಿಂದ ನಿಮ್ಮನ್ನು ಕಂಡರೆ ನನಗೆ ಭಯ, ನಿಕಾಹ್ ಬೇರೆ ಆದರೆ ಗತಿಯೇನು ಎಂದು ದರ್ಗಾಕ್ಕೆ ಹರಕೆ ಹೊತ್ತಿದ್ದೆ ಎಂದ. ಅವಳಿಗೂ ನಗು ಬಂತು. ಆಮೇಲೆ ಅವನು ಬಗ್ಗಿ ಪುಟ ನೋಡಿದ. ಅಮ್ಮನಿಗೆ ಹೇಳುತ್ತಾನೆ ಎಂದು ಅವಳು ಕಾದಿದ್ದಳು.

“ಎಡಗಡೆ ಪುಟದಲ್ಲೂ ಹಿಂಗೇ ಹಾಳು ಮಾಡಿದೀನಿ,” ಎಂದ.

ಅಂದಿನಿಂದ ಮಧ್ಯಾಹ್ನಗಳು ಅವಳವಾದವು. ಎಲ್ಲರೂ ಕೆಳಗೆ ಮಲಗಿದಾಗ ಅವಳು ಕೆಲಸ ಮಾಡುವಳು, ಸಂಜೆ ಕಿವಾಮ್ ಅದೇ ಪುಟದ ಮುಂದೆ ಕುಂಚ ಹಿಡಿದು ಕುಳಿತು ಬೆವರುವವನಂತೆ ನಟಿಸುವನು. ಶಾಹ್‌ಬೀಬಿ ಬಂದು ಬಗ್ಗಿ ನೋಡಿ, ಅಂತೂ ಈ ಮನೆಯಲ್ಲಿ ಇನ್ನೊಂದು ಕೈ ಹುಟ್ಟಿತು ಎಂದಳು. ಆಮೇಲೆ ಎಂದಿನಂತೆ ಸೊಸೆಗೆ ತುತ್ತು ಇಟ್ಟಳು. ಗುಲ್‌ರಂಗಳ ಉಗುರಿನ ಸಂದಿಯಲ್ಲಿ ನೀಲಿ ಉಳಿದಿರುತ್ತಿತ್ತು. ಅದನ್ನು ಮುದುಕಿಯ ಕಣ್ಣಿಗೆ ಬೀಳಿಸದೆ ಉಣ್ಣುವುದು ಅವಳಿಗೆ ನಡುಗುವುದಕ್ಕಿಂತ ಕಷ್ಟವಾಯಿತು.

ಖಾಜಾ ಲುತ್ಫುಲ್ಲಾ ಬಂದ. ಪುಸ್ತಕ ತೆರೆದವನು ಬಹಳ ಹೊತ್ತು ಮುಚ್ಚಲಿಲ್ಲ. ಈ ಕಿರಣ ಎಳೆದವರು ಯಾರು ಎಂದು ಕೇಳಿದ. ಶಾಹ್‌ಬೀಬಿ ಹೆಮ್ಮೆಯಿಂದ ಮಗನನ್ನು ಮುಂದೆ ತಳ್ಳಿದಳು. ಆಗ ಆ ವ್ಯಾಪಾರಿ, ಇಂಥ ಕೈಗೆ ಶೀರಾಜಿನ ಓಣಿಯಲ್ಲೇನು ಕೆಲಸ, ನನ್ನ ಜೊತೆ ಹೊರಡು, ವಿಜಾಪುರದಲ್ಲಿ ನಮ್ಮ ಅಮೀರನ ಬಳಿ ಕೂರಿಸುತ್ತೇನೆ ಎಂದುಬಿಟ್ಟ. ಅಂದು ಶಾಹ್‌ಬೀಬಿ ಓಣಿಗೆಲ್ಲ ಹಲ್ವ ಹಂಚಿದಳು. ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದಳು. ಹಿರಿಯವನು ಮಣ್ಣಿಗೆ ಹೋದ, ಇವನು ಸಮುದ್ರಕ್ಕೆ ಹೋಗುತ್ತಾನೆ ಎಂದು ನನ್ನ ಬಳಿ ಹೇಳಿಕೊಂಡಳು. ಆದರೂ ಮಗನಿಗೆ ಬೇಡ ಎನ್ನಲಿಲ್ಲ.

ಕಿವಾಮನ ಮುಖ ಬಿಳಿಚಿಕೊಂಡಿತ್ತು. ಮಾಳಿಗೆಯ ಮೇಲೆ ಗುಲ್‌ರಂಗ್ ಒಣಗಲು ಹಾಕಿದ್ದ ಹಿಪ್ಪುನೇರಳೆಯನ್ನು ಕಾಲಿನಿಂದ ಹರಡುತ್ತಿದ್ದಾಗ ಬಂದು ಎದುರಿಗೆ ನಿಂತ.

“ನನ್ ಜೊತೆ ಬನ್ನಿ, ಅತ್ತಿಗೆ. ಹೆಸರಿಗೆ ನಿಕಾಹ್ ಆಗ್ಲಿ. ನಾನು ನಿಮ್ಮನ್ನ ಏನೂ ಕೇಳಲ್ಲ. ನೀವು ಒಳಗೆ ಕೂತು ಮಾಡಿ, ನಾನು ಹೊರಗೆ ಕೊಡ್ತೀನಿ.”

“ಬರೀತಿರೋದು ನೀನು ಅಂತ?”

“ನಾನು ಅಂತಾನೇ. ಇನ್ನೇನು ಅನ್ಲಿ?”

ಯೋಚಿಸಿ ಹೇಳುತ್ತೇನೆ ಎಂದಳು. ಹೆಸರಿನ ಮಾತು ಅವಳನ್ನು ಕಾಡಲಿಲ್ಲವಂತೆ, ಯಾವ ಪುಟದ ಮೇಲೂ ಅವಳ ಹೆಸರು ಎಂದೂ ಇದ್ದದ್ದಿಲ್ಲ. ಕಾಡಿದ್ದು ದಾರಿ. ಊರ ಬಾಗಿಲಾಚೆ ರುಕ್ನಾಬಾದಿನವರೆಗೆ ಬಿಟ್ಟರೆ ಅವಳು ಏನನ್ನೂ ಕಂಡಿರಲಿಲ್ಲ. ಲಾರ್, ಆಮೇಲೆ ಹುರ್ಮುಜ್, ಆಮೇಲೆ ಬರೀ ನೀರು. ಗಂಟೆ ಕಟ್ಟಿದ ಕತ್ತೆಗಳು ಹೊರಡುವ ಸದ್ದು ಇದ್ದಕ್ಕಿದ್ದಂತೆ ಓಣಿಯಲ್ಲೆಲ್ಲ ಕೇಳತೊಡಗಿತು. ನಿಕಾಹ್ ತಪ್ಪಿಸಿಕೊಳ್ಳಲು ಎರಡು ವರ್ಷ ನಡುಗಿದವಳು ಈಗ ಅದೇ ನಿಕಾಹಿನ ಬಾಲ ಹಿಡಿದು ಹೊರಡಬೇಕು. ಹೊರಟರೆ ತಪ್ಪೇನು? ಹಾಗೆ ಕೇಳಿಕೊಂಡು ಮಾಳಿಗೆ ಇಳಿದಳು, ಮತ್ತೆ ಹತ್ತಿದಳು. ಆಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅದನ್ನು ಹೇಳುವ ಮೊದಲೇ ಊಟದ ಹೊತ್ತಾಯಿತು. ಶಾಹ್‌ಬೀಬಿ ಎದುರಿಗೆ ಕುಳಿತು ರೊಟ್ಟಿ ಮುರಿದಳು. ಅತ್ತು ಕಣ್ಣು ಊದಿತ್ತು.

“ಅವನು ಹೋಗ್ಲಿ ಬಿಡು. ನಾನಿರೋ ತನಕ ನಿಂಗೆ ಚಿಂತೆ ಇಲ್ಲ,” ಎಂದಳು. “ನಾನು ಹೋದ್ಮೇಲೆ ಯಾರು ಅಂತ, ಅದೊಂದೇ ಯೋಚ್ನೆ. ಎಡಗೈಲಿ ಉಣ್ಣೋದು ಕಲ್ತುಕೋ ಮಗಳೇ. ಅಲ್ಲಾನಿಗೆ ಗೊತ್ತಾಗಲ್ವಾ, ಕ್ಷಮಿಸ್ತಾನೆ.”

ಗುಲ್‌ರಂಗ್ ಮುದುಕಿಯ ಕೈಯಿಂದ ರೊಟ್ಟಿ ತೆಗೆದುಕೊಂಡಳು. ಬಲಗೈಯಿಂದಲೇ ಮುರಿದು, ಮೊಸರಿನಲ್ಲಿ ಅದ್ದಿ, ಅತ್ತೆಯ ಬಾಯಿಯ ಹತ್ತಿರ ಹಿಡಿದಳು. ಕೈ ನಡುಗಲಿಲ್ಲ. ಒಂದು ಹನಿ ಮೊಸರೂ ಬೀಳಲಿಲ್ಲ. ಶಾಹ್‌ಬೀಬಿ ಬಾಯಿ ತೆರೆಯಲಿಲ್ಲ. ಆ ಕೈಯನ್ನೇ ನೋಡುತ್ತಿದ್ದಳು. ಉಗುರಿನ ಸಂದಿಯ ನೀಲಿಯನ್ನೂ ನೋಡಿದಳು.

“ಯಾವಾಗ ನಿಂತಿತು?” ಎಂದಳು ಕೊನೆಗೆ.

“ಹಾಗಾದ ಕೆಲವೇ ದಿನಕ್ಕೆ.”

“ನಿನ್ನ ತಲೆ ಬಾಚಿದೆ. ಗುಂಡಿ ಹಾಕ್ದೆ. ನೀನು ಉಂಡ ಮೇಲೆ ನಾನು ಉಂಡೆ.” ಅವಳ ದನಿ ಏರಲಿಲ್ಲ. “ನಿಕಾಹ್ ಬೇಡ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲೇ.”

“ಅಂದಿದ್ರೆ ಕೇಳ್ತಿದ್ರಾ, ಅತ್ತೆ?”

ಶಾಹ್‌ಬೀಬಿ ಯೋಚಿಸಿದಳು. ನಿಜವಾಗಿ ಯೋಚಿಸಿದಳು, ಅದು ಮುಖದಲ್ಲೇ ಕಾಣುತ್ತಿತ್ತು ಎಂದು ಗುಲ್‌ರಂಗ್ ಹೇಳುತ್ತಿದ್ದಳು.

“ಇಲ್ಲ,” ಎಂದಳು. ಎದ್ದು ಕೈ ತೊಳೆದುಕೊಂಡಳು.

ಅಲ್ಲಿಂದ ನೇರ ನಮ್ಮ ಮನೆಗೆ ಬಂದಳು. ನಾನು ತೊಗಲಿಗೆ ಅಂಟು ಬಳಿಯುತ್ತಿದ್ದೆ. ರಟ್ಟುಗಳ ಮಧ್ಯೆ ಜಾಗ ಮಾಡಿಕೊಂಡು ಕುಳಿತಳು. ನೀರು ಕೊಟ್ಟೆ, ಕುಡಿಯಲಿಲ್ಲ. ಸಂಜೆಯ ಅಜಾನ್ ಆಗುವವರೆಗೆ ಹಾಗೇ ಇದ್ದಳು. ಹೊರಡುವಾಗ ಒಂದೇ ಮಾತು ಆಡಿದಳು. ಎರಡು ವರ್ಷ ಪುಟಗಳ ಕೆಲಸ ಕೆಟ್ಟಿತು ಎಂದು ತನಗೆ ದುಃಖವಿಲ್ಲ, ಬೇರೆಯವರ ಕೂಸನ್ನು ಸಾಕಿದ ಹಾಗೆ ಸಾಕಿದೆ, ಅದು ಕೂಸೇ ಆಗಿರಲಿಲ್ಲ ಎಂದಳು. ಏನಾಯಿತು ಎಂದು ನನಗೆ ಆಗ ತಿಳಿಯಲಿಲ್ಲ.

ಗುಟ್ಟು ಒಡೆದದ್ದು ತಿಳಿದು ಕಿವಾಮ್ ಮರುದಿನವೇ ವ್ಯಾಪಾರಿ ಇಳಿದಿದ್ದ ಛತ್ರಕ್ಕೆ ಹೋಗಿ ನಿಜ ಹೇಳಿದ. ಲುತ್ಫುಲ್ಲಾ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಅಲ್ಲಿಗೆ ಹೋದರೆ ಹತ್ತು ಜನರ ಮುಂದೆ ಕೂರಿಸಿ ಎಳೆ ನೋಡೋಣ ಎನ್ನುತ್ತಾರೆ, ನನ್ನ ಮಾನ ಉಳಿಯಿತು ಎಂದನಂತೆ. ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಕಿವಾಮ್ ಜ್ವರ ಬಿಟ್ಟವನ ಹಾಗೆ ಮನೆಗೆ ಬಂದು ಮಧ್ಯಾಹ್ನದವರೆಗೆ ಮಲಗಿದ. ಮುಂದಿನ ವರ್ಷ ಅಂಚಿನ ಗೆರೆ ಎಳೆಯುವವರ ಮನೆಯ ಹುಡುಗಿಯನ್ನು ಮದುವೆಯಾದ. ಅವಳಿಗೆ ಅವನನ್ನು ಕಂಡರೆ ಭಯವಿಲ್ಲ, ಅವನಿಗೂ ಅವಳನ್ನು ಕಂಡರೆ ಇಲ್ಲ.

ಸುದ್ದಿ ಕಾಜೆರೂನ್ ಬಾಗಿಲಿಗೆ ಮುಟ್ಟಲು ಎಷ್ಟು ಹೊತ್ತು? ಮುಹಿಬ್ ಅಲಿ ಕತ್ತೆ ಸಮೇತ ಬಂದ. ವಾಸಿಯಾಯಿತಂತೆ, ಹೊರಡು ಎಂದ. ಮಗಳು ಬಾಗಿಲಲ್ಲೇ ನಿಂತು ಉತ್ತರ ಕೊಟ್ಟಳು.

“ಕೈ ವಾಸಿ ಆಗಿದೆ, ಅಪ್ಪ. ಬೇಕಾಗಿರೋದು ಕೈ ತಾನೆ? ಪುಟ ಕಳ್ಸಿ, ಮಾಡಿ ಕೊಡ್ತೀನಿ. ನಾನು ಬರಲ್ಲ.”

ಆತ ಓಣಿಯಲ್ಲಿ ನಿಂತು ಕೂಗಾಡಿದ. ಜನ ಸೇರಿದರು. ಕೂಗಿ ದಣಿದ ಮೇಲೆ ಹೊರಟು ಹೋದ. ವಾರ ಕಳೆಯುವುದರೊಳಗೆ ಪುಟಗಳನ್ನು ಕಳಿಸಿದ.

ಅತ್ತೆಯ ಮನೆಯಲ್ಲಿ ಇರಲು ಗುಲ್‌ರಂಗಳಿಗೂ ಆಗಲಿಲ್ಲ. ಹೋಗು ಎಂದು ಯಾರೂ ಅನ್ನಲಿಲ್ಲ. ಶಾಹ್‌ಬೀಬಿ ತಟ್ಟೆ ತಂದು ಮುಂದಿಟ್ಟು ಬೆನ್ನು ತಿರುಗಿಸುತ್ತಿದ್ದಳು. ನಮ್ಮ ಮಹಡಿಯ ಕೋಣೆ ಖಾಲಿ ಇತ್ತು. ಒಂದು ಪೆಟ್ಟಿಗೆ, ಒಂದು ಹಲಗೆ ಹೊತ್ತು ಅಲ್ಲಿಗೆ ಬಂದಳು. ಗಂಡಸಿನ ಆಸರೆ ಇಲ್ಲದೆ ಹೆಂಗಸು ಬಾಡಿಗೆಗೆ ಇರುವುದೇ ಎಂದು ಓಣಿ ಮಾತಾಡಿತು. ಕಳ್ಳಗೈಯವಳು ಎಂದಿತು. ಕೆಲಸ ಮಾತ್ರ ತಂದು ಕೊಟ್ಟಿತು. ಅವಳು ಯಾವ ಮನೆಯದು ಎಂದು ನೋಡದೆ ಎಲ್ಲರ ಪುಟಗಳನ್ನೂ ಮಾಡಿದಳು, ಶಾಹ್‌ಬೀಬಿಯ ಮನೆಯದನ್ನೂ. ಅವನ್ನು ಕಿವಾಮ್ ತರುತ್ತಿದ್ದ. ಮುದುಕಿ ಆ ಮೆಟ್ಟಿಲು ಹತ್ತಲಿಲ್ಲ.

ನೆಮ್ಮದಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ತಲೆಯ ಮೇಲೆ ಅವಳ ಹೆಜ್ಜೆಯ ಸದ್ದು ದಿನವೂ ನನಗೆ ಕೇಳುತ್ತಿತ್ತು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಒಂದು ಸಲ ನಿನ್ನ ಕೋಣೆಯಲ್ಲಿ ಬೆಳಕು ಸಾಲದು ಎಂದು ಎದುರುಮನೆಗೆ ಹೋದಳು, ಅಲ್ಲಿ ಬೆಳಕು ಹೆಚ್ಚಾಯಿತು ಎಂದು ತಿರುಗಿ ಬಂದಳು. ಏನು ಹುಡುಕುತ್ತಿದ್ದೀ ಎಂದು ಕೇಳಿದರೆ, ಗೊತ್ತಿದ್ದರೆ ಕುಳಿತಿರುತ್ತಿದ್ದೆ ಎನ್ನುವಳು. ಉಣ್ಣಲು ಕುಳಿತಾಗ ಮೊದಲ ತುತ್ತಿಗೆ ಒಂದು ಕ್ಷಣ ತಡೆಯುವಳು. ನಾನು ನೋಡಿಯೂ ನೋಡದ ಹಾಗೆ ಇರುತ್ತಿದ್ದೆ.

ಎಷ್ಟೋ ಕಾಲದ ಮೇಲೆ ಕಿವಾಮ್ ಒಂದು ಪುಟವನ್ನು ಹಿಂದಕ್ಕೆ ತಂದ. ಅಮ್ಮ ಹೇಳಿ ಕಳಿಸಿದ್ದಾಳೆ, ನೀಲಿ ತೆಳುವಾಗಿದೆಯಂತೆ ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಗುಲ್‌ರಂಗ್ ಅದನ್ನು ಕಿಟಕಿಗೆ ಹಿಡಿದು ನೋಡಿದಳು. ತೆಳುವಾಗಿಯೇ ಇತ್ತು. ಆ ಸಲದ ಲಾಜವರ್ದ ಕಳಪೆ, ಉಳಿತಾಯವೂ ಮಾಡಿದ್ದಳು. ಮತ್ತೆ ಅರೆದು, ಇಡೀ ಪುಟ ತುಂಬಿ ಕಳಿಸಿದಳು. ಅಲ್ಲಿಂದ ಆಗಾಗ ಇಂಥ ಮಾತು ಬರತೊಡಗಿತು, ಚಿನ್ನ ಉಜ್ಜಿದ್ದು ಸಾಲದು, ಹೂವು ದಪ್ಪ ಎಂದು. ಆಮೇಲೆ ಹಮಾಮಿನಲ್ಲಿ ಅಕ್ಕಪಕ್ಕ ಕುಳಿತರು. ಮಾತೆಲ್ಲ ಅಂಟು, ಬಣ್ಣ, ವ್ಯಾಪಾರಿಗಳ ಮೋಸ ಇಷ್ಟೇ. ಅದಕ್ಕಿಂತ ಹತ್ತಿರ ಅವರಿಬ್ಬರೂ ಬರಲಿಲ್ಲ, ದೂರವೂ ಹೋಗಲಿಲ್ಲ. ಶಾಹ್‌ಬೀಬಿ ತೀರಿಕೊಂಡ ದಿನ ಹೆಣ ತೊಳೆಯುವವರ ಜೊತೆ ಗುಲ್‌ರಂಗ್ ಇದ್ದಳು. ಹೊರಗೆ ಬಂದಾಗ ಅತ್ತಿರಲಿಲ್ಲ. ಅಂದು ಸಂಜೆ ಮಾಳಿಗೆಯ ಮೇಲೆ ಹೆಜ್ಜೆ ನಿಲ್ಲಲೇ ಇಲ್ಲ.

ಆ ವರ್ಷವೇ ಖಾಜಾ ಲುತ್ಫುಲ್ಲಾನ ಮನೆಯ ಹೆಂಗಸರು ಹುರ್ಮುಜಿಗೆ ಹೊರಟಿದ್ದರು. ಅಲ್ಲಿ ಅವನ ಉಗ್ರಾಣದಲ್ಲಿ ಪುಸ್ತಕಗಳಿಗೆ ತೇವ ಹತ್ತಿ ಚಿನ್ನ ಏಳುತ್ತಿದೆ, ಸರಿಮಾಡುವವರು ಬೇಕು ಎಂದು ಸುದ್ದಿ ಬಂತು. ಈ ವಯಸ್ಸಿನಲ್ಲಿ ಬೇಡ ಎಂದು ನಾನು ಕೈ ಹಿಡಿದುಕೊಂಡೆ. ಅವಳು ಕುಂಚಗಳನ್ನು ಬಟ್ಟೆಯಲ್ಲಿ ಸುತ್ತಿ, ಕತ್ತೆ ಹತ್ತಿ ಹೊರಟೇಬಿಟ್ಟಳು.

ಒಂದು ಚಳಿಗಾಲ ಕಳೆದು ಬಂದಾಗ ಗುರುತೇ ಸಿಗಲಿಲ್ಲ. ಮುಖ ಕಪ್ಪಿಟ್ಟು ತುಟಿ ಒಡೆದಿತ್ತು. ಸಮುದ್ರ ಹೇಗಿತ್ತು ಎಂದು ಓಣಿಯವರೆಲ್ಲ ಸುತ್ತುವರಿದರು. ಬರೀ ಸೆಕೆ ಎಂದಳು. ಅಂಟು ಒಣಗುವುದಿಲ್ಲ, ಕಾಗದ ಬೂಸಲು ಹಿಡಿಯುತ್ತದೆ, ಕುಡಿಯುವ ನೀರು ಉಪ್ಪು, ಮೀನಿನ ವಾಸನೆಗೆ ಊಟ ಸೇರುವುದಿಲ್ಲ. ಮತ್ತೆ ಹೋಗುತ್ತೀಯಾ ಎಂದು ಕೇಳಿದೆ. ಯಾರು ಹೋಗುತ್ತಾರೆ ಎಂದಳು. ಪೆಟ್ಟಿಗೆಯ ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ, ಆಗಲೇ ಯಜ್ದ್ ಊರಿನ ಕಡೆಯ ಕಾರವಾನ್ ಯಾವಾಗ ಹೊರಡುತ್ತದೆ ಎಂದು ನನ್ನ ಗಂಡನನ್ನು ಕೇಳುತ್ತಿದ್ದಳು.

ಈಗ ಅವಳು ಅಲ್ಲೇ ಇದ್ದಾಳೆ. ಕಾಗದ ಮಾರುವವನೊಬ್ಬ ಮೊನ್ನೆ ಯಜ್ದಿನಿಂದ ಬಂದವನು ಸುದ್ದಿ ಹೇಳಿದ. ಕೈ ಚೆನ್ನಾಗಿದೆಯಂತೆ, ಕಣ್ಣು ಸ್ವಲ್ಪ ಮಂಜಂತೆ. ಬಂದ ಮೇಲೆ ಆಗಲೇ ಎರಡು ಮನೆ ಬದಲಾಯಿಸಿದ್ದಾಳಂತೆ.